ಒಂದೇ ಮುಖದ ಅಕ್ಷರ

ಹತ್ತೊಂಬತ್ತು ವರ್ಷ ಒಂದೇ ಫಾಂಟು.
ಗಿರಗಾಂವ್‌ನ ಚಾಳಿನ ಮೆಟ್ಟಿಲ ಕೆಳಗಿನ
ಈ ಆರಡಿ ಅಂಗಡಿಗೆ ಕಂಪ್ಯೂಟರು ಬಂದ ದಿನ
ಅದರೊಳಗೆ ತಾನಾಗಿ ಕೂತಿತ್ತು,
ನಾನೂ ಏಳಿಸಲಿಲ್ಲ.

ಮದುವೆಗೂ ಅದೇ, ನಾಮಕರಣಕ್ಕೂ ಅದೇ,
ರಾತ್ರಿಶಾಲೆಯ ವಾರ್ಷಿಕೋತ್ಸವ, ಯಕ್ಷಗಾನದ ಕರಪತ್ರ,
ಮಾಟುಂಗದ ಹೋಟೆಲಿನ ‘ಇಂದು ಬನ್ಸ್ ಇಲ್ಲ’,
ಎಲ್ಲಕ್ಕೂ ಅದೇ ನಿದ್ದೆಗಣ್ಣಿನ ದುಂಡಕ್ಷರ.
ಅಚ್ಚುಕಟ್ಟು ಎಂದರು ಗಿರಾಕಿಗಳು.
ಹೊಗಳಿಕೆ ಎಂದುಕೊಂಡೆ.

ಹೋದ ಮಾಘದಲ್ಲಿ ಒಟ್ಟಿಗೆ ಬಂದವು ಎರಡು ಕೆಲಸ:
ಸಾಲ್ಯಾನರ ಮಗಳ ಮದುವೆ,
ಕುಂದರ್ ಮನೆಯ ಹಿರಿಯರ ಉತ್ತರಕ್ರಿಯೆ.
ಲಕೋಟೆಗೆ ತುಂಬುವ ಹುಡುಗ ಸಿದ್ಧೇಶನಿಗೆ
ಕನ್ನಡ ಬಾರದು, ಆಕಾರ ನೋಡಿ ತುಂಬುತ್ತಾನೆ.
ಆಕಾರ ಒಂದೇ ಆಗಿತ್ತು.

ಡೊಂಬಿವಲಿಯ ಅತ್ತೆ ಜರಿಸೀರೆ ಉಟ್ಟು,
ಮುಯ್ಯಿಯ ಕವರು ಹಿಡಿದು,
ಗುರುತಿಲ್ಲದವರ ಬೊಜ್ಜದಲ್ಲಿ ಮೊದಲ ಸಾಲಿಗೆ ಕೂತರಂತೆ.
ಓದಲಿಲ್ಲವೇ ಎಂದು ಕೇಳಿದೆ ಫೋನಿನಲ್ಲಿ.
‘ನಿನ್ನ ಕಾಗದ ಎಲ್ಲ ಒಂದೇ ಥರ ಅಲ್ವಾ ಮಾರಾಯ್ತಿ,
ತಾರೀಕು ನೋಡಿದೆ, ಹಾಲು ನೋಡಿದೆ, ಹೊರಟೆ.’

ಖೇತವಾಡಿಯ ದೂಮಣ್ಣ ಪುತ್ರನ್ ಬಿದ್ದು ಬಿದ್ದು ನಕ್ಕರು.
ನಲವತ್ತು ವರ್ಷ ಸೀಸದ ಮೊಳೆ ಜೋಡಿಸಿ
ಇವತ್ತಿಗೂ ಉಗುರಸಂದಿ ಕಪ್ಪು.
‘ಸಾವಿನ ಕಾಗದಕ್ಕೆ ಸಪೂರದ್ದು ಇಡುತ್ತಿದ್ದೆವು,
ಸಾಲಿಗೆ ಸಾಲು ದೂರ.
ಓದುವವ ನಡುವೆ ಒಂದು ಉಸಿರು ತೆಗೆಯಲಿ ಅಂತ.’

ಆ ಭಾನುವಾರ ಅಂಗಡಿ ಮುಚ್ಚಿ ನಡೆದೆ.
ಬೇಕರಿಯ ಬೋರ್ಡಿನಲ್ಲಿ ಗುಜರಾತಿ
ಸೆಕೆಗೆ ರುಮಾಲು ಬಿಚ್ಚಿಟ್ಟವನಂತೆ
ತಲೆಗೆರೆ ಇಲ್ಲದೆ ಹಾಯಾಗಿತ್ತು.
ಭೇಂಡಿ ಬಜಾರಿನ ಅತ್ತರಿನಂಗಡಿಯ ಉರ್ದು
ಜಾರುಬಂಡೆ ಇಳಿಯುವ ಮಕ್ಕಳ ಸಾಲು,
ಕೊನೆಯವನ ನೆತ್ತಿಗೊಂದು ಚುಕ್ಕಿ.
ಮಜಗಾಂವ್‌ನ ಗೋಡೆಯ ಮೇಲೆ ಮರಾಠಿ:
ಇಲ್ಲಿ ಉಚ್ಚೆ ಹೊಯ್ಯುವವನು ಕತ್ತೆ.
ಕೆಂಪಿಗೆ ಹಳದಿ ನೆರಳು ಕೊಟ್ಟು ಬರೆದಿದ್ದ
ಪುಣ್ಯಾತ್ಮ, ಬೈಗುಳಕ್ಕೂ ಅಷ್ಟು ಕುಸುರಿ.
ಫೋರ್ಟಿನ ಗಲ್ಲಿಯಲ್ಲಿ ಕೊನೆಗೆ ನಮ್ಮದು,
ಹಳೆಯ ಹಲಗೆ, ರಾತ್ರಿ ಪ್ರೌಢಶಾಲೆ.
ಜಾಗ ಸಾಲದೆ ಕಡೆಯ ‘ಲೆ’
ಹೆಗಲು ಕುಗ್ಗಿಸಿ ಅಂಚಿನಲ್ಲಿ ತೂಗುತ್ತಿತ್ತು,
ವಿರಾರ್ ಗಾಡಿಯ ಬಾಗಿಲಿಗೆ ಜೋತವನ ಹಾಗೆ.
ಈ ‘ಲೆ’ ಯಾವ ಫಾಂಟಿನಲ್ಲೂ ಸಿಗುವುದಿಲ್ಲ.

ರಾತ್ರಿ ನಲವತ್ತಮೂರು ಮುಖ ಇಳಿಸಿಕೊಂಡೆ.
ಪರೀಕ್ಷೆಗೆ ಎರಡೇ ಪದ, ಸ್ವಾತಂತ್ರ್ಯ, ದಾರಿದ್ರ್ಯ.
ಎರಡಕ್ಕೂ ಕಾಲಡಿ ಅದೇ ಒತ್ತುಗಳ ಮೂಟೆ.
ದಪ್ಪದರಲ್ಲಿ ಸ್ವಾತಂತ್ರ್ಯ
ತನ್ನದೇ ಒತ್ತಿಗೆ ತಾನೇ ಎಡವಿತು.
ತೆಳ್ಳಗಿನದರಲ್ಲಿ ದಾರಿದ್ರ್ಯ ಎಷ್ಟು ಲಕ್ಷಣ,
ಮಲಬಾರ್ ಹಿಲ್ಲಿನಲ್ಲಿ ಮನೆ ಮಾಡಬಹುದು!
ಒಂದರಲ್ಲಿ ಕೊಂಬು ಪಕ್ಕದವನನ್ನು ತಿವಿಯಿತು.
ಒಂದರ ತಲಕಟ್ಟು ಗಾಳಿಗೆ ಹಾರಿದ ಟೊಪ್ಪಿ.
ಎಲ್ಲ ಚಂದವಲ್ಲ. ಹನ್ನೊಂದನ್ನು ಅಳಿಸಿದೆ,
ಒಂದನ್ನು ಮರುದಿನ ಮತ್ತೆ ತಂದೆ.

ಮೊನ್ನೆ ದೂಮಣ್ಣ ಬಂದರು,
ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ.
ಮೂಗಿನ ತುದಿಗೆ ಕನ್ನಡಕ, ಪರದೆಗೆ ಬೆರಳು,
ಇದಲ್ಲ, ಇದಲ್ಲ, ಇದು ಸಿನಿಮಾದ್ದು,
ಇದಕ್ಕೆ ಜ್ವರ ಬಂದಿದೆ,
ಹಾಂ, ಇದು.
ಸಪೂರ, ನೆಟ್ಟಗೆ, ‘ನ’ದ ಬಾಲ ಮಾತ್ರ ತುಸು ತುಂಟ.

‘ಇದನ್ನಿಡು ನನಗೆ.
ಹೆಸರು ಬರಿ, ತಾರೀಕಿನ ಜಾಗ ಖಾಲಿ ಬಿಡು.’
ಜೇಬಿನಿಂದ ಇನ್ನೂರು ತೆಗೆದು ಅಡ್ವಾನ್ಸು ಎಂದರು.
ಏನು ಹೇಳಲೂ ತೋಚದೆ
ಕೆಲಸದ ಮಾತನ್ನೇ ಕೇಳಿದೆ,
ಹದಿನಾಲ್ಕು ಪಾಯಿಂಟು ಸಾಕಾ?

‘ಹದಿನಾರು ಮಾಡು.
ಬರುವವರಿಗೆಲ್ಲ ಕಣ್ಣಲ್ಲಿ ಪೊರೆ.’