ಅರ್ಧ ಗುಲಗಂಜಿ

ಅಂಟಿಗೆ-ಪಂಟಿಗೆಯವರ ದೀಪ ಊರು ದಾಟಿದ
ಮಾರನೇ ದಿನ ಅಪ್ಪ ಅಟ್ಟ ಹತ್ತುತ್ತಿದ್ದ.
ಹೋದ ವರ್ಷ ಅಮಾವಾಸ್ಯೆಗೆ ಕಡಿದಿಟ್ಟ ವಾಟೆ
ಒಲೆಯ ಹೊಗೆ ಕುಡಿದು ಕುಡಿದು
ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿತ್ತು.
ಇಪ್ಪತ್ತು ಇಳಿಸಿದರೆ ಆರು ಉಳಿದಾವು.
ಮಿಕ್ಕದ್ದು ಅವ್ವನ ಪಾಲು: ಹೀರೆಬಳ್ಳಿಗೆ ಆಸರೆ,
ಒಲೆಗೆ ಊದುಗೊಳವೆ,
ನನ್ನ ಕಾಲಿಗೆ ಆಗೀಗ ಎರಡೇಟು.

ಕೆಂಡದ ಮೇಲೆ ಕೋಲು ತಿರುಗಿಸಿ
ಗಿಣ್ಣು ಬೆವರಿದಾಗ ಮೊಣಕಾಲಿಗೊತ್ತಿ
ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವನು.
ತಾಳಗುಪ್ಪದ ರೈಲುಹಳಿಯನ್ನೂ ಒಮ್ಮೆ ಹಾಗೇ ಬಗ್ಗಿ ನೋಡಿ
"ಸೊಟ್ಟ ಐತೆ" ಅಂದಿದ್ದ.
ಸ್ಟೇಷನ್ ಮಾಸ್ತರರು ನಕ್ಕರು. ಅಪ್ಪ ನಗಲಿಲ್ಲ.

ಗರಿ ಕಟ್ಟುವ ಮೊದಲು ಬೋಳು ಕೋಲನ್ನೇ ಒಮ್ಮೆ ಬಿಡುವುದು:
ಎಡಕ್ಕೆ ಬಿದ್ದರೆ ಗಡಸು, ಕೆರೆಯಬೇಕು,
ಬಲಕ್ಕೆ ಬಿದ್ದರೆ ಬಳುಕು, ಬೆರಳಗಲ ಮೋಟು ಮಾಡಬೇಕು.
ಆಮೇಲೆ ಹುಂಜದ ಗರಿ ಮೂರು, ಮೂರೂ ಒಂದೇ ರೆಕ್ಕೆಯವು.
ಎಡದ ಜೊತೆ ಬಲದ್ದು ಸೇರಿಸಿದರೆ
ಗಾಳಿಯಲ್ಲೇ ಜಗಳ ಎನ್ನುವನು,
ದೊಡ್ಡಪ್ಪನ ಮನೆ ಕಡೆ ಕಣ್ಣು ಹಾಯಿಸುತ್ತ.
ಹಲಸಿನ ಮೇಣ, ಮೇಲೆ ನೂಲಿನ ಸುತ್ತು.
ನೂಲಿನ ತುದಿ ಕಚ್ಚಿ ಹಿಡಿಯುವುದು ನನ್ನ ಹಲ್ಲಿನ ಕೆಲಸ.
ಹಿಳುಕು ಕೊರೆಯುವಾಗ ಮಾತ್ರ
ಮನೆಯಲ್ಲಿ ಯಾರೂ ಮಾತಾಡಬಾರದು.

ಹಳೇ ಪೇಪರಿನ ಹಾಳೆ ಕೊಂಬೆಗೆ ಕಟ್ಟಿ
ಹಿಂದೆ ಬಾಳೆದಿಂಡು ನಿಲ್ಲಿಸಿ
ಆರು ಹೆಜ್ಜೆಯಿಂದ ಬಿಡುವನು.
ತೂತನ್ನು ಬೆರಳಲ್ಲಿ ಸವರುವನು.
ಗುಂಡಗಿದ್ದರೆ ನೆಟ್ಟಗೆ ಹೋಗಿದೆ,
ಉದ್ದ ಸೀಳಿದ್ದರೆ ಬಾಲ ಕೊಸರಿದೆ.
ಅಕ್ಷರ ಬಾರದ ಕೆರಿಯಪ್ಪ ಪೇಪರು ಓದಿದ್ದು ಹೀಗೆ.
ಒಂದು ವರ್ಷ ಯಾವನೋ ಮಂತ್ರಿಯ ಹಣೆಗೇ ತಾಗಿ
ಅವ್ವ ಹಾಳೆಯನ್ನು ಗಡಬಡಿಸಿ ಒಲೆಗೆ ಹಾಕಿದಳು.

ಸಾಗರದ ಪೇಟೆಯಲ್ಲಿ ಮುಚ್ಚಿಹೋದ ಚಿನ್ನದಂಗಡಿಯ ತಕ್ಕಡಿ
ನಮ್ಮ ಜಗುಲಿಗೆ ಬಂದಿತ್ತು. ಚಿನ್ನ ಬರಲಿಲ್ಲ.
ಆ ತಟ್ಟೆಗೊಂದು ಅಂಬು, ಈ ತಟ್ಟೆಗೊಂದು,
ಏರಿದ ಕಡೆಗೆ ಗುಲಗಂಜಿ.
ಒಂದು ಗುಲಗಂಜಿಯ ಹೆಚ್ಚುಕಮ್ಮಿಗೆ
ಅಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಬೇಟೆ ಕೂಡದೆಂದು ಕಾನೂನಾಗಿ ಆಗಲೇ ಎಷ್ಟೋ ವರ್ಷ.
ಗಾರ್ಡು ವಾಸಪ್ಪ ಸೈಕಲ್ಲು ಒರಗಿಸಿ ಕೇಳಿದ:
"ಯಾವ ಪ್ರಾಣಿಗೋ ಇದು?"
"ಬಾಳೆದಿಂಡಿಗೆ, ಸ್ವಾಮಿ."
ಎಣಿಸಿ, ಬರೆದುಕೊಂಡು, ಮಜ್ಜಿಗೆ ಕುಡಿದು,
ಒಂದು ಅಂಬನ್ನು ಬೆರಳ ಮೇಲೆ ತೂಗಿ ನೋಡಿ
ಏನೂ ಹೇಳದೆ ಹೋದ.

ಕಾರ್ತಿಕದ ಹುಣ್ಣಿಮೆ ಎದುರಿಗೆ, ಗದ್ದೆ ಹಣ್ಣಾದ ರಾತ್ರಿ,
ಮಾಳದಲ್ಲಿ ಅಪ್ಪನ ಕಂಬಳಿಯೊಳಗೆ ನಾನೂ ಇದ್ದೆ.
ಹಂದಿ ಬಂತು. ಒಂಟಿ.
ಬೆನ್ನಿನ ಕೂದಲು ಎಣಿಸಬಹುದಾದಷ್ಟು ಹತ್ತಿರ.
ಅಪ್ಪ ಆರರಲ್ಲೊಂದನ್ನು ಆರಿಸಿ, ಹೆದೆಗೇರಿಸಿ,
ಕಿವಿಯವರೆಗೆ ಎಳೆದ.
ನಾನು ಉಸಿರು ಕಚ್ಚಿ ಹಿಡಿದೆ, ನೂಲಿನ ಹಾಗೆ.
ಎಳೆದದ್ದನ್ನು ಎಳೆದಷ್ಟೇ ನಿಧಾನಕ್ಕೆ ಇಳಿಸಿ
ಅಂಬು ಪಕ್ಕಕ್ಕಿಟ್ಟು
ಬರೀ ಹೆದೆಯನ್ನು ಹೆಬ್ಬೆರಳಲ್ಲಿ ಮೀಟಿದ.
ಡಬ್ಬ ಬಡಿದರೂ ಕದಲದ ಹಂದಿ
ಆ ಒಂದು ಸದ್ದಿಗೆ ತಲೆಯೆತ್ತಿತು,
ಬೇಲಿ ಮುರಿದುಕೊಂಡು ಹೋಯಿತು.

"ಹೊಡೆಯೋದಿಲ್ಲ ಅಂದ್ಮೇಲೆ ಗುಲಗಂಜಿ ಯಾಕಪ್ಪ?"
ಬೀಡಿ ಅರ್ಧ ಮುಗಿದ ಮೇಲೆ ಹೇಳಿದ:
"ತಾಗದ ಅಂಬನ್ನ ಬಿಡದೇ ಇರೋದು
ಅದೇನ್ ದೊಡ್ಡ ಕೆಲಸ ಮಗಾ?"

ಇವತ್ತು ತಕ್ಕಡಿ ನನ್ನ ಮುಂದಿದೆ.
ಐದು ಸರಿ. ಆರನೆಯದು
ಒಂದಿಟ್ಟರೆ ಇಳಿಯುತ್ತದೆ, ತೆಗೆದರೆ ಏರುತ್ತದೆ.
ಗುಲಗಂಜಿಯನ್ನು ಎರಡು ಮಾಡೋಣವೆಂದು
ಕಪ್ಪು ಕೆಂಪು ಕೂಡುವಲ್ಲಿ ಚಾಕು ಇಟ್ಟೆ.
ಚಿಮ್ಮಿ ಅಂಗಳಕ್ಕೆ ಬಿತ್ತು.
ಹುಡುಕುತ್ತಿದ್ದೇನೆ.
ಹುಂಜ ನನಗಿಂತ ಮೊದಲೇ ನೋಡಿದೆ.