ಏಳು ನಲವತ್ತೆರಡು

ಒರ್ನೆಲ್ಲಾ ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು.
ಈಗ ಅವಳ ಬಸ್ಸಿಗೆ ಗಾಲಿ ಇಲ್ಲ,
ಹದಿಮೂರು ಜೊತೆ ಬೂಟು.
ಹಳದಿ ಅಂಗಿ ತೊಟ್ಟು, ಕನ್ನಡಕದ ಮಂಜು ಒರೆಸುತ್ತ
ಬೆಟ್ಟದ ಬುಡದ ಚೌಕದಿಂದ ಹೊರಡುತ್ತಾಳೆ;
ಹಿಂದೆ, ಬಾಲದಂತೆ, ನಿವೃತ್ತ ದಂತವೈದ್ಯ ಫೌಸ್ತೊ,
ಬಿದ್ದ ಕೈಗವಸು ಹೆಕ್ಕುವುದೇ ಅವನ ಕೆಲಸ.

ಸೆಪ್ಟೆಂಬರಿನಲ್ಲಿ ಮೂರು ಸಭೆ ಆಗಿತ್ತು.
"ಮಳೆ ಬಂದರೆ?" ಎಂದರು. "ನೆನೆಯುತ್ತೇವೆ," ಎಂದಳು.
"ಹಿಮ ಬಿದ್ದರೆ?" "ನಿಧಾನ."
"ಯಾರೂ ಬರದಿದ್ದರೆ?"
ಅದಕ್ಕೆ ಉತ್ತರ ಕೊಡದೆ ವೇಳಾಪಟ್ಟಿ ಬರೆದು
ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದಳು.

ಔಷಧಿ ಅಂಗಡಿ: ಏಳು ನಲವತ್ತೆರಡು.
ಅಲ್ಲಿ ಹತ್ತುತ್ತಿದ್ದವನು ಇದ್ರಿಸ್ಸಾ ಒಬ್ಬನೇ.
ಹತ್ತುವುದೆಂದರೆ ಹಗ್ಗದ ಆರನೆಯ ಗಂಟು ಹಿಡಿಯುವುದು.
ಮಾತು ಕಡಿಮೆ. ದಾರಿಯ ನಾಯಿಗಳ ಹೆಸರೆಲ್ಲ ಗೊತ್ತು.
ಜನವರಿಯಲ್ಲಿ ಅವನಪ್ಪನ ಕಾರ್ಖಾನೆ ಕೆಲಸ ಹೋಯಿತು,
ಮನೆಮಂದಿಯೆಲ್ಲ ರಾತ್ರಿ ರೈಲಿಗೆ ತೂರಿನೋ ಕಡೆ.

"ಇನ್ನು ಆ ನಿಲ್ದಾಣ ಬೇಡ,
ನಾಲ್ಕು ನಿಮಿಷ ಉಳಿಯುತ್ತೆ," ಎಂದ ಫೌಸ್ತೊ.
ಸರಿಯೇ. ಪಟ್ಟಿಯ ಮೇಲೆ ಗೆರೆ ಎಳೆಯಲು
ಅವಳು ಪೆನ್ನು ತೆಗೆದದ್ದೂ ಉಂಟು.

ಆದರೆ ಮರುದಿನ ಅಲ್ಲಿಗೆ ಬಂದಾಗ
ಹಗ್ಗ ತಾನಾಗಿ ನಿಂತಿತು.
ಐದನೆಯ ಗಂಟಿನ ನೀವೆಸ್, ಆರು ವರ್ಷದವಳು,
ಬೀದಿಯಾಚೆಯ ಕಂದು ನಾಯಿಯನ್ನು ನೋಡಿ
ಹೆಸರು ನೆನಪಾಗದೆ ತುಟಿ ಕಚ್ಚಿದಳು.
ಎಲ್ಲರೂ ಯೋಚಿಸಿದರು. ದಂತವೈದ್ಯನೂ.

ಚರ್ಚಿನ ಗಡಿಯಾರಕ್ಕೆ ಯಾವಾಗಲೂ ಎರಡು ನಿಮಿಷ ಅವಸರ.
ಒರ್ನೆಲ್ಲಾ ಸುಮ್ಮನೆ ನಿಂತಳು. ಹಳೆಯ ಅಭ್ಯಾಸ:
ಓಡಿ ಬರುವವರು ಯಾರಾದರೂ ಇದ್ದಾರೆಯೇ ಎಂದು
ಇಲ್ಲದ ಕನ್ನಡಿಯಲ್ಲಿ ಒಮ್ಮೆ ನೋಡಿ,
ಆಮೇಲೆ ಬಾಗಿಲು ಮುಚ್ಚಿದಳು.