ಒಂದೂವರೆ

ಗೊರೂರಿನ ಹಿನ್ನೀರು ಹೊಲಗಳೊಳಗೆ ಕೈಚಾಚಿ
ಹಿಂದಕ್ಕೆಳೆದುಕೊಳ್ಳಲು ಮರೆತ ಬೆರಳೊಂದಿದೆ,
ಆಲೂರಿನ ದಿಕ್ಕಿಗೆ.
ನಕಾಶೆಯಲ್ಲಿ ಹೆಸರಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಸ್ಟೇಷನ್ ಏಳು.
ತೆಪ್ಪದ ಸಣ್ಣಜವರ ಕರೆಯುವುದು ಮಂಕುಮಡು:
ಹೊಳೆಯ ಸುದ್ದಿ ಇದಕ್ಕೆ ತಡವಾಗಿ ಮುಟ್ಟುತ್ತದಂತೆ.

ಏಪ್ರಿಲ್ ಹೊತ್ತಿಗೆ ನೀರಿಳಿದು
ನಡುವೆ ಕೆಸರಿನ ಹೊಸ್ತಿಲೊಂದು ಏಳುತ್ತದೆ.
ಆಚೆ ದೊಡ್ಡ ನೀರು, ಗಾಳಿ, ಅಲೆ.
ಈಚೆ ಇದು,
ಮುಚ್ಚಿಟ್ಟು ಮರೆತ ಸಾರಿನ ಹಾಗೆ
ತನ್ನಷ್ಟಕ್ಕೆ ತಾನು ಹುಳಿಯೇರುತ್ತ.

ಕಪ್ಪುಬಿಳಿ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಸುತ್ತೇನೆ.
ಆಚೆ ಒಂದು ಮಾರು ಕಂಡಿತ್ತು,
ಇಲ್ಲಿ ಮೊಣಕೈ ಆಳಕ್ಕೇ ಮಾಯ.
‘ತಟ್ಟೆ ಯಾಕವ್ವ, ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?
ಹೋದ್ವಾರ ಹುರುಳಿಕಟ್ಟು.
ಈ ವಾರ ನೋಡಿ, ಗೇಟಿಗೆ ಹೊಡೆಯೋ ಹಸಿರು ಪೇಂಟು.
ಶುಂಠಿಗೆ ಗೊಬ್ಬರ ಕೊಟ್ಟವ್ರೆ, ಮೇಲೊಂದು ಮಳೆ ಬಿತ್ತು,
ಉಣ್ಣೋರು ಉಂಡವ್ರೆ.’

ಉಂಡವರನ್ನು ಎಣಿಸುವುದಕ್ಕೆ ನನಗೆ ಸಂಬಳ.
ಅಯೋಡಿನ್ ಬಿದ್ದರೆ ಎಲ್ಲರೂ ಚಹಾದ ಬಣ್ಣ,
ಸತ್ತು, ತಳ ಸೇರಿ, ಲೆಕ್ಕಕ್ಕೆ ಸಿಗುತ್ತಾರೆ.
ಇವತ್ತು ಒಂದು ಹನಿಯನ್ನು ಮಾತ್ರ ಬದುಕಲು ಬಿಟ್ಟು
ಹಾಸನದ ಕರೆಂಟು ಹೋಗುವ ಮೊದಲು
ಕಣ್ಣಿಟ್ಟೆ.

ಗಾಜಿನ ಡಬ್ಬಿಯೊಳಗೆ ಕೂತ ಡಯಾಟಮ್,
ಮುಚ್ಚಳ ಬಿಗಿ.
ಮರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉರುಳುವ ವಾಲ್ವಾಕ್ಸ್.
ಗುಂಪುಗಟ್ಟಿದ ನೀಲಿಹಸಿರು ಪುಂಡರು,
ಕೆಳಗಿನವರ ಬಿಸಿಲಿಗೆ ಅಡ್ಡ ನಿಂತವರು,
ಮಡುವಿನ ಮೇಲಂತಸ್ತೆಲ್ಲ ಅವರದೇ.
ಮೂಲೆಯಲ್ಲಿ, ಯಾರ ತಂಟೆಗೂ ಹೋಗದೆ,
ಒಂದು ಡೆಸ್ಮಿಡ್:
ಸಣ್ಣ ಸೊಂಟ, ಆಚೀಚೆ ಒಂದರ ಪಡಿಯಚ್ಚು ಇನ್ನೊಂದು.

ಸೊಂಟ ಉದ್ದವಾಗುತ್ತಿತ್ತು.
ಹಳೆಯ ಅರ್ಧಗಳೆರಡೂ
ತಮಗೊಂದೊಂದು ಹೊಸ ಅರ್ಧವನ್ನು
ಊದಿಕೊಳ್ಳುತ್ತಿದ್ದವು,
ಇನ್ನೂ ಬಣ್ಣ ಹತ್ತದ್ದು, ಇನ್ನೂ ಗುಳ್ಳೆಯಷ್ಟು.
ನಿಯಮ ಗೊತ್ತು: ಬೇರೆಯಾದರೆ ಎರಡು, ಆಗದಿದ್ದರೆ ಒಂದು.
ಎಣಿಕೆಯ ಗುಂಡಿ ಮೇಲೆ ಹೆಬ್ಬೆರಳು ಹಾಗೇ ನಿಂತಿತು.

ನನಗಿಂತ ಮೊದಲು ಇದೇ ಸ್ಟೂಲಿನಲ್ಲಿ
ಫಿಲೋಮಿನಾ ಮೇಡಂ ಇಪ್ಪತ್ತಾರು ವರ್ಷ ಎಣಿಸಿದರು.
ಅವರ ಕೊನೆಯ ರಿಜಿಸ್ಟರು ತೆಗೆದೆ. ಸ್ಟೇಷನ್ ಏಳು, ಏಪ್ರಿಲ್.
ಅಂಕಿಗಳ ಸಾಲಿನಲ್ಲಿ, ನೀಲಿ ಶಾಯಿ: ಒಂದೂವರೆ.
ಯಾರೋ ಸಾಹೇಬರು ಕೆಂಪಿನಲ್ಲಿ ಗೀರಿ
ಪಕ್ಕದಲ್ಲಿ ‘ಒಂದು’ ಎಂದು ಸಹಿ ಹಾಕಿದ್ದಾರೆ.
ಸಹಿಯ ಕೆಳಗೆ ಮತ್ತೆ ನೀಲಿ:
‘ನೋಡಿದವಳು ನಾನು.’

ಮುಂದಿನ ವಾರ ತೆಪ್ಪದಲ್ಲಿ ಸಣ್ಣಜವರ ಕೇಳಿದ,
‘ಎಷ್ಟು ಜನ ಸಿಕ್ಕಿದ್ರವ್ವ?’
‘ನಾನೂರ ಹನ್ನೊಂದೂವರೆ.’
‘ಅರ್ಧ ಮೀನು ಯಾವತ್ತೂ ನನ್ನ ಬಲೆಗೆ ಬಿದ್ದಿಲ್ಲ ಕಣವ್ವ’
ಎಂದು ನಕ್ಕ.
ಆಮೇಲೆ, ಯಾಕೋ,
ಸ್ವಲ್ಪ ಹೊತ್ತು ಹುಟ್ಟು ಹಾಕಲಿಲ್ಲ.